ಗುಲಾಬಿ ಹರಳು

ಆ ಮನುಷ್ಯ ಕಲ್ಲು. ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸಹಾಯಕ; ಅಲ್ಲಿ ಅವನಿಗೆ ಬಿದ್ದ ಹೆಸರು ಒತ್ತುಕಾಗದ. ಶಾಯಿ ಹೀರುವ ಕಾಗದದಂತೆ, ಯಾರು ಎಷ್ಟು ಬೈದರೂ ಹೀರಿಕೊಂಡು ಸುಮ್ಮನಿರುತ್ತಿದ್ದ. ಒಬ್ಬಳೇ ಮಗಳು ಹದಿನಾಲ್ಕನೆಯ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡಾಗಲೂ ಕಣ್ಣು ಒದ್ದೆಯಾಗಲಿಲ್ಲ. ನಾಲ್ಕನೆಯ ದಿನ ಕೆಲಸಕ್ಕೆ ಹೊರಟ.

"ಎದೆ ಬಗೆದ್ರೂ ಒಂದು ಹನಿ ಸಿಗಲ್ಲ ಇವನಲ್ಲಿ," ಎಂದಳು ಅವನ ಅಕ್ಕ. ಹೆಂಡತಿ ಅಲ್ಲವೆನ್ನಲಿಲ್ಲ.

ಹೆಂಡತಿಗೆ ಉಳಿದದ್ದು ಮಗಳ ಹಳದಿ ಸ್ವೆಟರ್. ಒಗೆದಿರಲಿಲ್ಲ. ಕತ್ತಿನ ಪಟ್ಟಿಯಲ್ಲಿ ತಲೆಯೆಣ್ಣೆ, ಬೆವರಿನ ವಾಸನೆ, ಮಗಳು. ಮಧ್ಯಾಹ್ನವೆಲ್ಲ ಅದರಲ್ಲಿ ಮುಖ ಹುದುಗಿಸಿ ಕೂರುತ್ತಿದ್ದಳು. ಮಳೆ ಹಿಡಿದು ಗೋಡೆಗೆ ತೇವವೇರಿತು. ಸ್ವೆಟರಿನ ತೋಳಿನ ಮೇಲೆ ಬೂಸಲಿನ ಚುಕ್ಕೆ ಕಂಡಿತು.

ಅವನು ಬಿಗಿ ಮುಚ್ಚಳದ ಗಾಜಿನ ಭರಣಿ ತಂದ. ಸ್ವೆಟರ್ ಮಡಿಸಿಟ್ಟು, ಮೇಲೆ ಬಟ್ಟೆಯ ಚೀಲದಲ್ಲಿ ಸಿಲಿಕಾ ಹರಳು ಇಟ್ಟ. ಒಣಗಿದಾಗ ನೀಲಿ, ತೇವ ಕುಡಿದಾಗ ಗುಲಾಬಿ. ಕಾಯಿಸಿದರೆ ಕುಡಿದದ್ದನ್ನೆಲ್ಲ ಬಿಟ್ಟುಕೊಟ್ಟು ಮತ್ತೆ ನೀಲಿ. ಪ್ರಯೋಗಾಲಯದಲ್ಲಿ ಹಾಗೆ ಕಾಯಿಸುವುದು ಅವನ ಶನಿವಾರದ ಕೆಲಸ.

"ಮೂರು ವಾರ ತೆಗೀಬೇಡ," ಎಂದ.

ಮೂರು ವಾರಕ್ಕೆ ಅವಳು ತೆಗೆದಳು. ಬೂಸಲಿರಲಿಲ್ಲ. ಕತ್ತಿನ ಪಟ್ಟಿಗೆ ಮೂಗಿಟ್ಟಳು. ಬರೀ ಉಣ್ಣೆ, ಅಂಗಡಿಯಿಂದ ಈಗಷ್ಟೇ ತಂದಂತೆ.

"ಏನ್ರೀ ಇದು! ವಾಸನೇನೂ ಕುಡಿದುಬಿಡ್ತಲ್ರೀ ನಿಮ್ಮ ಹರಳು!"

"ನೀರಷ್ಟೇ ಎಳ್ಕೊಳ್ಳುತ್ತೆ ಅಂದ್ಕೊಂಡಿದ್ದೆ."

"ಇಪ್ಪತ್ತಾರು ವರ್ಷ ಅದರ ಜೊತೆ ಸಂಸಾರ ಮಾಡಿದ್ರಲ್ಲ, ಅಷ್ಟೂ ಗೊತ್ತಿಲ್ವಾ? ಎರಡನೇ ಸಲ ಕಳ್ಕೊಂಡೆ ಅವಳನ್ನ."

ಅವನು ಗುಲಾಬಿಯಾಗಿದ್ದ ಹರಳಿನ ಚೀಲ ಎತ್ತಿಕೊಂಡು ಕೆಲಸಕ್ಕೆ ಹೋದ. ಅವಳು ಮಾತು ಬಿಟ್ಟಳು.

ತಿಂಗಳ ಮೇಲೆ ಒಂದು ದಿನ ಅವನು ಕನ್ನಡಕ ಮರೆತು ಹೋದ. ಕೊಡಲು ಹೋದವಳು ಪ್ರಯೋಗಾಲಯದ ಬಾಗಿಲಲ್ಲೇ ನಿಂತಳು. ಒಳಗೆ ಅಧ್ಯಾಪಕಿ ದನಿ ಏರಿಸಿದ್ದಳು.

"ಏನಪ್ಪಾ ಒತ್ತುಕಾಗದ, ಎಲ್ಲಾ ಸೀಸೆ ಹರಳೂ ನೀಲಿ, ಇದೊಂದು ಗುಲಾಬಿ! ಕಾಯಿಸೋಕೆ ಏನು ರೋಗ ನಿಂಗೆ?"

"ಅದೊಂದು ಬೇಡ ಮೇಡಂ."

"ಯಾಕೆ?"

"ಕಾಯಿಸಿದ್ರೆ ಹೋಗಿಬಿಡುತ್ತೆ."

ಅಧ್ಯಾಪಕಿ ಗೊಣಗುತ್ತ ಆಚೆ ನಡೆದಳು. ಅವನು ಆ ಸೀಸೆಯನ್ನು ಕೈಗೆತ್ತಿಕೊಂಡ. ಬಿರಡೆಯ ಸುತ್ತ ಮೇಣ ಮೆತ್ತಿತ್ತು. ಕನ್ನಡಕವಿಲ್ಲದ ಕಣ್ಣಿಗೆ ಕಾಣದು. ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು ಹೆಬ್ಬೆರಳಿನಿಂದ ಮೇಣವನ್ನು ಸುತ್ತಲೂ ಸವರಿ ನೋಡಿದ. ಮತ್ತೊಂದು ಸುತ್ತು ಸವರಿದ.