ನಾಲ್ಕನೆಯ ಹುಲಿ

ಈ ಕೊಲ್ಲಿ ದೇಶದ ನಮ್ಮ ಕನ್ನಡ ಸಂಘದ ನವರಾತ್ರಿ ಕಾರ್ಯಕ್ರಮಕ್ಕೆ ಹುಲಿಯ ಮುಖವಾಡಗಳನ್ನು ಮಾಡುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಪ್ಲಾಸ್ಟಿಕ್ ಮುಖವಾಡ ಕೂಡದೆಂದು ಸಭೆಯಲ್ಲಿ ಹಟ ಹಿಡಿದವಳು ನಾನೇ. ಜುಫೈರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ, ಮೈದಾದ ಅಂಟು, ಹಳದಿ ಬಣ್ಣಗಳ ನಡುವೆ ಮೂರು ವಾರ ಸುಖವಾಗಿದ್ದೆ. ಅದೇ ಸಭೆಯಲ್ಲಿ ನಾನೆತ್ತಿದ ಉಳಿದ ಆಕ್ಷೇಪಗಳು ಬಿದ್ದುಹೋಗಿದ್ದವು. ಚಾಲಕರ ಕುಟುಂಬಗಳಿಗೆ ಹಿಂದಿನ ಸಾಲೇ ಏಕೆ? ಹೆಂಗಸರಿಗೆ ಆರತಿ ತಟ್ಟೆ ಮಾತ್ರ ಏಕೆ, ಹುಲಿವೇಷ ಏಕಿಲ್ಲ? “ಅದು ಗಂಡಸರ ಕುಣಿತ” ಎಂಬಲ್ಲಿಗೆ ಚರ್ಚೆ ಮುಗಿದಿತ್ತು.

ಸಭಾಂಗಣದಲ್ಲಿ ಮೈಗೆ ಬಣ್ಣ ಬಳಿಯುವಂತಿರಲಿಲ್ಲವಾದ್ದರಿಂದ ಪಟ್ಟೆಬಟ್ಟೆಯ ಉಡುಪು ಬೇಕಾಯಿತು. ಹೊಲಿದವಳು ಅದ್ಲಿಯಾದ ಟೈಲರ್ ಅಂಗಡಿಯಲ್ಲಿ ದುಡಿಯುವ, ಉಡುಪಿ ಕಡೆಯ ಹೆಂಗಸು. ಅಳತೆ ನೋಡುವ ನೆಪದಲ್ಲಿ ಅವಳು ಕುಣಿತದ ಒಂದು ಅಭ್ಯಾಸವನ್ನೂ ತಪ್ಪಿಸಿರಲಿಲ್ಲ. ಕಾರ್ಯಕ್ರಮದ ದಿನ ಬೆಳಿಗ್ಗೆ ಅವಳು ತಂದ ನಾಲ್ಕು ಉಡುಪುಗಳಲ್ಲಿ ಒಂದು ಗಿಡ್ಡವಾಗಿತ್ತು.

“ತಪ್ಪಿದ್ದಲ್ಲ ಅಕ್ಕ, ಅದು ನಂದೇ ಅಳತೆ,” ಎಂದಳು.

ಊರಿನಲ್ಲಿ ಮಗನಿಗೆ ಜ್ವರ ತಲೆಗೇರಿದ್ದಾಗ, ಅವನು ಎದ್ದು ಕುಳಿತರೆ ತಾನೇ ಹುಲಿವೇಷ ಹಾಕುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಮಗ ಈಗ ಶಾಲೆಗೆ ಹೋಗುತ್ತಾನೆ, ಹರಕೆ ತೀರಿರಲಿಲ್ಲ. ನಾಲ್ಕು ಹುಲಿಗಳಲ್ಲಿ ಒಬ್ಬನಾಗಿದ್ದ ಸೀಫ್ ಬಡಾವಣೆಯ ಬ್ಯಾಂಕ್ ನೌಕರ ತನ್ನ ಜಾಗವನ್ನು ಗುಟ್ಟಾಗಿ ಬಿಟ್ಟುಕೊಡಲು ಒಪ್ಪಿದ್ದ.

ನಿರೂಪಣೆ ನನ್ನದಾಗಿತ್ತು. “ಗುಟ್ಟು ಯಾಕೆ? ಒಬ್ಬ ಹೆಂಗಸು ಕುಣೀತಾಳೆ ಅಂತ ಮೈಕಿನಲ್ಲೇ ಹೇಳ್ತೇನೆ. ಅಡಗಿ ಕುಣಿದರೆ ಅವರ ನಿಯಮ ಒಪ್ಪಿದ ಹಾಗಲ್ವಾ?”

“ಎಂತ ಮಾರಾಯ್ರೆ ನೀವು! ನೀವು ಹೇಳಿದ ಕೂಡ್ಲೆ ಅವರು ತಾಸೆ ಬಡಿಯುದನ್ನೇ ನಿಲ್ಲಿಸ್ತಾರೆ. ನಿಮಗೆ ಜಗಳ ಮಾಡ್ಲಿಕ್ಕೆ ಬರುವ ವರ್ಷವೂ ಉಂಟು. ನಂಗೆ ಹರಕೆ ಬಾಕಿ ಇಟ್ಕೊಂಡು ನಿದ್ರೆ ಬರುದಿಲ್ಲ.”

ಅನ್ಯಾಯವನ್ನು ಹೆಸರು ಹಿಡಿದು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಆದರೆ ಈ ಸಲ ಹೆಸರಿಸುವವಳು ನಾನಾದರೂ ಕಳೆದುಕೊಳ್ಳುವವಳು ಅವಳು. ಅವಳ ಕೂದಲನ್ನು ಬಿಗಿಯಾಗಿ ಸುತ್ತಿ, ಮುಖವಾಡವನ್ನು ನಾನೇ ಕಟ್ಟಿದೆ.

ಸಂಜೆ ವೇದಿಕೆಯಲ್ಲಿ “ನಾಲ್ಕು ಹುಲಿಗಳು” ಎಂದಷ್ಟೇ ಹೇಳಿದೆ. ತಾಸೆಯ ಬಡಿತ ಏರಿತು. ಬಗ್ಗಿ ಹೆಜ್ಜೆ ಹಾಕುವ ಆ ಕುಣಿತದಲ್ಲಿ ಯಾರ ಎತ್ತರವೂ ತಿಳಿಯುವುದಿಲ್ಲ. ಅವಳು ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚು ಹಾಕಿ ಹಾರಿದಾಗ ಮುಂದಿನ ಸಾಲಿನ ಮಗುವೊಂದು ಚೀರಿ ಅಪ್ಪನ ಹೆಗಲೇರಿತು. ಹಿಂದಿನ ಸಾಲಿನವರು ಕುರ್ಚಿಯ ಮೇಲೆ ನಿಂತು ಶಿಳ್ಳೆ ಹೊಡೆದರು.

ತಂಡದ ಮುಖ್ಯಸ್ಥ ಬೆವರೊರೆಸಿಕೊಳ್ಳುತ್ತ ನನ್ನ ಬಳಿ ಬಂದ. “ನೋಡಿದ್ರಾ ಬ್ಯಾಂಕಿನವನನ್ನು? ಪ್ರಾಕ್ಟೀಸಲ್ಲಿ ಕಾಲೇ ಎತ್ತದ ಜನ, ಇವತ್ತು ಎಂತ ಕುಣಿದ ಮಾರಾಯ್ರೆ!”

ಹೆಂಗಸಿನ ಕುಣಿತದ ಕೀರ್ತಿ ಗಂಡಸಿನ ಪಾಲಾಗುವುದು ಅನ್ಯಾಯವೇ. ಅವಳ ಒಪ್ಪಿಗೆ ಪಡೆದು ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆದರೆ ಆ ಸಂಜೆ ನಕ್ಕು ತಲೆಯಾಡಿಸಿದೆ, ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗಿನಿಂದ, ಊರಿಗೆ ಫೋನು ಮಾಡಿದ್ದ ಅವಳ ಏದುಸಿರಿನ ದನಿ ಕೇಳುತ್ತಿತ್ತು: “ಆಯ್ತು ಮಗಾ, ಕುಣಿದೆ. ಕಾಲು ನೋಯ್ತದೆ ಅಷ್ಟೆ. ನೀನು ಊಟ ಮಾಡಿದ್ಯಾ?”