ಸ್ಕೈಹಾಕ್‌ಗೆ ಪ್ಯಾರಾಚೂಟ್ ಮಡಿಸಿದ ಆಂಟಿ

ಹೋದ ಬೇಸಿಗೆ ರಜೆಗೆಂದು ಟೌರಂಗಾದ ಸೆಕೆಂಡ್‌ಹ್ಯಾಂಡ್ ಅಂಗಡಿಯೊಂದರಿಂದ ಹಳೆಯ ಟೆಂಟ್ ಕೊಂಡು ತಂದೆ. ಹಿತ್ತಲ ಹುಲ್ಲಿನ ಮೇಲೆ ಅದರ ಚೀಲ ಬಿಚ್ಚಿದ್ದೇ ತಡ, ಮುಚ್ಚಿಟ್ಟ ನೈಲಾನಿನ ವಾಸನೆ ಮುಖಕ್ಕೆ ಹೊಡೆಯಿತು. ಸ್ವಲ್ಪ ಪೌಡರು, ಸ್ವಲ್ಪ ಧೂಳು, ಬಹಳ ವರ್ಷ ಗಾಳಿ ಕಾಣದ ಬಟ್ಟೆಯ ಒಂದು ಬಗೆಯ ಹುಳಿ... ಟೆಂಟನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಲ್ಬನಿಯ ನಮ್ಮ ಪಕ್ಕದ ಮನೆ ಆಂಟಿ ನೆನಪಾಗಿದ್ದರು.

ನಾವು ಮೈಸೂರಿನಿಂದ ಬಂದು ಆಕ್ಲೆಂಡಿನ ಅಂಚಿನ ಆಲ್ಬನಿಯಲ್ಲಿ ಬಾಡಿಗೆಗೆ ಮನೆ ಹಿಡಿದ ಮೊದಲ ವಾರವದು. ಗಂಡ ಬಸ್ ಹತ್ತಿ ಸಿಟಿಯ ಆಫೀಸಿಗೆ ಹೋದ ಮೇಲೆ ನಾನು ಹಿತ್ತಲಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಬೇಲಿಯ ಆಚೆಯಿಂದ, "ಮೈಸೂರಿನವರೇನು?" ಎಂದು ಕೇಳಿಸಿತು. ನೋಡಿದರೆ ಪ್ಯಾಂಟು, ದೊಗಳೆ ಸ್ವೆಟರು, ಕುತ್ತಿಗೆಯವರೆಗೆ ಕತ್ತರಿಸಿದ ಬಿಳಿ ಕೂದಲಿನ ಹೆಂಗಸು. ಕೈಯಲ್ಲಿ ಒಂದು ಬಕೆಟ್ ಫೀಜೋವಾ ಹಣ್ಣು. ಹುಬ್ಬಳ್ಳಿಯವರು. ಈ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಗಳು ಪಾಪಕುರಾದಲ್ಲಿದ್ದಳು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಅವರ ಕಾರು. ಗೇರಿನ ಹಳೆಯ ಕಾರದು. ಮಂಡಿನೋವಿನಿಂದ ಅವರಿಗೆ ಕ್ಲಚ್ ಒತ್ತಲಾಗುತ್ತಿರಲಿಲ್ಲ, ಆದರೆ ಲೈಸೆನ್ಸ್ ಚಾಲ್ತಿಯಲ್ಲಿತ್ತು. ನನ್ನದು ಕಲಿಯುವವರ ಲೈಸೆನ್ಸ್, ಪಕ್ಕದಲ್ಲಿ ಅನುಭವಸ್ಥರು ಕೂರಲೇಬೇಕು. "ನೀ ಹೊಡಿ, ನಾ ಕೂಡ್ತೀನಿ. ಶನಿವಾರ ನನ್ನನ್ನ ಮ್ಯೂಸಿಯಂಗೆ ಬಿಡು, ಸಾಕು" ಎಂದರು. ಹಳದಿ 'ಎಲ್' ಫಲಕ ಸಿಕ್ಕಿಸಿಕೊಂಡು ಹೊರಟೆವು. ಯಾವ ಮ್ಯೂಸಿಯಂ, ಯಾಕೆ ಎಂದು ಆ ದಿನ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ರಸ್ತೆ ಮಾತ್ರ ನೋಡುತ್ತಿದ್ದೆ.

ದಾರಿಯಲ್ಲಿ ವಾಯುನೆಲೆ ಸಿಗುತ್ತಿತ್ತು. ವಿಮಾನದ ಸದ್ದು ಕೇಳಿದರೆ ಸಾಕು, ಆಂಟಿ ತಲೆ ಎತ್ತದೆ ಹೆಸರು ಹೇಳುತ್ತಿದ್ದರು. ನಾಲ್ಕು ಎಂಜಿನ್‌ನ ದಪ್ಪ ಗುಡುಗು ಹರ್ಕ್ಯುಲಿಸ್‌ನದು. "ನನ್ನ ಮದುವಿಗಿಂತ ಮೊದ್ಲಿಂದ ಹಾರ್ತದ ಅದು" ಎನ್ನುತ್ತಿದ್ದರು. ಸಮುದ್ರ ಕಾಯುವ ಒರಾಯನ್‌ನ ದನಿ ಬೇರೆ. ಹಳೆಯ ಇರೊಕ್ವಾ ಹೆಲಿಕಾಪ್ಟರ್ ದೂರದಿಂದಲೇ ಒನಕೆ ಕುಟ್ಟಿದಂತೆ ಬರುತ್ತಿತ್ತು. ಅದರ ಜಾಗಕ್ಕೆ ಬಂದ ಹೊಸ ಹೆಲಿಕಾಪ್ಟರ್ ಕಂಡರೆ ಮಾತ್ರ ಅವರು ಕಿಟಕಿ ಏರಿಸುತ್ತಿದ್ದರು. ಎಲ್ಲ ವಿಮಾನಗಳ ಮೈಮೇಲೂ ದುಂಡನೆಯ ಚಿಹ್ನೆಯ ನಡುವೆ ಒಂದು ಕಿವಿ ಹಕ್ಕಿ. ಹಾರಲಾರದ ಹಕ್ಕಿಯನ್ನು ವಿಮಾನದ ಮೇಲೆ ಬರೆದಿದ್ದಾರಲ್ಲ ಎಂದು ನಾನೊಮ್ಮೆ ನಕ್ಕೆ. ಆಂಟಿ ನಗಲಿಲ್ಲ. "ಹಾರ್ಲಿಕ್ಕೆ ಬರೂದಿಲ್ಲಂತ ಅದೇನು ಊರು ಬಿಟ್ಟು ಓಡಿಹೋಗ್ಯದೇನು?" ಎಂದರು.

ಅವರ ಕತೆ ನನಗೆ ಶನಿವಾರ ಶನಿವಾರ ಸ್ವಲ್ಪಸ್ವಲ್ಪವಾಗಿ ತಿಳಿಯಿತು. ಗಂಡನಿಗೆ ಪಾಮರ್ಸ್ಟನ್ ನಾರ್ತ್ ಕಡೆ ಹಾಲಿನ ಪುಡಿ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಇವರಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಹತ್ತಿರದ ವಾಯುನೆಲೆಗೆ ಹೊಲಿಗೆ ಬಲ್ಲ ಹೆಂಗಸರು ಬೇಕೆಂದು ಪೇಪರಿನಲ್ಲಿ ಬಂದದ್ದು ನೋಡಿ ಹೋದರು. ಕೊಟ್ಟದ್ದು ಪ್ಯಾರಾಚೂಟ್ ಕೋಣೆಯ ಕೆಲಸ. ಹರಿದದ್ದನ್ನು ಹೊಲಿಯುವುದು, ಉದ್ದನೆಯ ಮೇಜಿನ ಮೇಲೆ ಹರಡಿ ಮಡಿಸುವುದು, ಕಟ್ಟುವುದು, ಜೊತೆಗಿಟ್ಟ ಕಾರ್ಡಿನಲ್ಲಿ ಸಹಿ ಹಾಕುವುದು. ದೇಶದ ಬಳಿ ಆಗ ಇದ್ದ ಯುದ್ಧವಿಮಾನ ಸ್ಕೈಹಾಕ್. ಅದರ ಪೈಲಟ್ ಕೂರುವ ಸೀಟಿನ ಪ್ಯಾರಾಚೂಟ್ ಇವರ ಕೈಯದು. ಯೂನಿಫಾರ್ಮ್ ಇರಲಿಲ್ಲ, ಇವರು ಸಿವಿಲಿಯನ್.

ಸಹಿಯನ್ನು ಅವರು ಮೊದಲ ದಿನದಿಂದ ಕನ್ನಡದಲ್ಲೇ ಹಾಕಿದರು. ಹೊಸದಾಗಿ ಬಂದ ಅಧಿಕಾರಿಯೊಬ್ಬ, ಇದು ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿ ಹಾಕು ಎಂದನಂತೆ. "ನಿಮ್ಮ ಸಹಿ ಓದ್ಲಿಕ್ಕೆ ಯಾರಿಗೆ ಬರ್ತದ್ರೀ ಅಂತ ಅವನ ಕಾಗದಾನೇ ಅವನ ಮುಂದ ಹಿಡದೆ. ಗೀಚಿದ್ದ. ಕಾಗದ ಇಸ್ಕೊಂಡು ನಡದ" ಎಂದು ಆಂಟಿ ಹೇಳುತ್ತಿದ್ದರು.

ಇನ್ನೊಂದು ಸಂಗತಿಯನ್ನು ಮಾತ್ರ ಒಂದೇ ಸಲ ಹೇಳಿದರು. ಒಮ್ಮೆ ಒಂದು ವಿಮಾನ ಕೆಟ್ಟು ಬಿತ್ತು. ಪೈಲಟ್ ಸೀಟಿನ ಸಮೇತ ಹೊರಗೆ ಚಿಮ್ಮಿ, ಪ್ಯಾರಾಚೂಟ್ ಬಿಚ್ಚಿಕೊಂಡು, ಜೀವಂತ ಇಳಿದ. ಆ ಪ್ಯಾರಾಚೂಟ್ ಮಡಿಸಿದ್ದು ಇವರು. ಮರುದಿನ ಆತ ವಿಸ್ಕಿ ಬಾಟಲಿ ಹಿಡಿದು ಕೋಣೆಗೆ ಬಂದ. ಬಾಗಿಲಲ್ಲಿ ಸಿಕ್ಕ ಯೂನಿಫಾರ್ಮಿನ ಸಾರ್ಜೆಂಟ್ ಕೈಗೆ ಬಾಟಲಿ ಕೊಟ್ಟು, ಅವನ ಕೈ ಕುಲುಕಿ, ಬೆನ್ನು ತಟ್ಟಿ ಹೊರಟುಹೋದ. ಇವರು ಮೇಜಿನ ಹಿಂದೆ ನಿಂತಿದ್ದರು.

"ಬಾಟ್ಲಿ ನನಗ ಬ್ಯಾಡಾಗಿತ್ತು ತಂಗಿ. ಕೈ ಕುಲುಕೋದು ಬೇಕಾಗಿತ್ತು."

ಆಮೇಲೆ ಸರ್ಕಾರ, ಇಷ್ಟು ಸಣ್ಣ ದೇಶಕ್ಕೆ ಯುದ್ಧವಿಮಾನ ಬೇಡ ಎಂದು ಆ ಪಡೆಯನ್ನೇ ಮುಚ್ಚಿತು. ಪೈಲಟ್‌ಗಳು ಬೇರೆ ದೇಶಗಳಿಗೆ ಹೋದರು. ವಿಮಾನಗಳು ಬಿಳಿಯ ಹೊದಿಕೆ ಸುತ್ತಿಕೊಂಡು ವರ್ಷಗಟ್ಟಲೆ ಬಯಲಲ್ಲಿ ನಿಂತವು. ಆಂಟಿ ಆಕ್ಲೆಂಡಿಗೆ ಬಂದು ನಿವೃತ್ತಿಯವರೆಗೆ ಇನ್ನೊಂದು ನೆಲೆಯಲ್ಲಿ ಸೈನಿಕರ ಪ್ಯಾರಾಚೂಟ್ ಕಟ್ಟಿದರು. ಕೊಲ್ಲುವ ವಿಮಾನಗಳ ಮೇಲೆ ಇಷ್ಟು ಪ್ರೀತಿ ಹೇಗೆ ಎಂದು ನಾನು ಕೇಳಿದ್ದೆ. ತಿರುಗಿ ನೋಡಿದ ಅವರ ಕಣ್ಣು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ತಾನಿದ್ದಷ್ಟು ಕಾಲ ಅವು ಯಾವ ಯುದ್ಧಕ್ಕೂ ಹೋಗಲಿಲ್ಲ ಎಂದರು. "ಮ್ಯಾಲಾಗಿ ನಾ ಮಾಡಿದ್ದು ಉಳಿಸೋ ಕೆಲಸ. ಅದನ್ನ ಯಾರ ಮುಂದೂ ತಲಿ ತಗ್ಗಿಸಿ ಹೇಳೂದಿಲ್ಲ."

ಹೊದಿಕೆ ಬಿಚ್ಚಿದ ಮೇಲೆ ಕೆಲವು ವಿಮಾನ ಹೊರದೇಶಕ್ಕೆ ಮಾರಾಟವಾದವು, ಉಳಿದವು ಮ್ಯೂಸಿಯಂಗಳ ಪಾಲಾದವು. ನಾವು ಹೋಗುತ್ತಿದ್ದ ಮ್ಯೂಸಿಯಂಗೂ ಒಂದು ಬಂದಿತ್ತು. ನಿವೃತ್ತ ವಾಯುಸೈನಿಕರು ಏಳೆಂಟು ಜನ ಸೇರಿ ಅದನ್ನು ತೊಳೆದು, ಬಣ್ಣ ಹಚ್ಚಿ ಪ್ರದರ್ಶನಕ್ಕೆ ಸಜ್ಜು ಮಾಡುತ್ತಿದ್ದರು. ಸೀಟಿನ ಬಟ್ಟೆ, ಬೆಲ್ಟು, ಪ್ಯಾರಾಚೂಟ್ ಆಂಟಿಯ ಪಾಲು. ನನ್ನನ್ನೂ ಒಳಗೆ ಕರೆದು ದಾರ ಎಳೆದು ಹಿಡಿಯಲು ನಿಲ್ಲಿಸಿಕೊಂಡರು.

ಒಂದು ಶನಿವಾರ ಗುಂಪಿನ ಮುಖ್ಯಸ್ಥರು ಒಂದು ಕಾಗದ ಓದಿದರು. ಸ್ಕೈಹಾಕ್ ಸಲಹಿದವರೆಲ್ಲರ ಹೆಸರು ಕೆತ್ತಿದ ಫಲಕವೊಂದು ವಿಮಾನದ ಪಕ್ಕ ಬರುತ್ತದೆ ಎಂದರು. ಒಳ್ಳೆಯ ಮನುಷ್ಯ, ಮೃದು ಮಾತು. ಓದಿ ಮುಗಿಸಿದ ಮೇಲೆ ಆಂಟಿ, ಪ್ಯಾರಾಚೂಟ್ ಕೋಣೆಯವರ ಹೆಸರು ಎಲ್ಲಿ ಎಂದು ಕೇಳಿದರು. ಸಿವಿಲಿಯನ್‌ಗಳ ದಾಖಲೆ ಸರಿಯಾಗಿ ಸಿಕ್ಕಿಲ್ಲ, ಫಲಕ ಯೂನಿಫಾರ್ಮಿನವರಿಗೆ ಮಾತ್ರ ಎಂದು ಅವರು ಹೇಳಿದರು.

ಆಂಟಿ ಜಗಳವಾಡಲಿಲ್ಲ. ಮೂಲೆಯಲ್ಲಿದ್ದ, ವಿಮಾನದ ಜೊತೆಗೇ ಬಂದಿದ್ದ ಪೆಟ್ಟಿಗೆಗಳತ್ತ ನಡೆದರು. ಮೂರನೆಯ ಪೆಟ್ಟಿಗೆಯಲ್ಲಿ ಒಂದು ಪ್ಯಾರಾಚೂಟ್ ಚೀಲ ಸಿಕ್ಕಿತು. ಅದನ್ನು ಬಿಚ್ಚಿದಾಗ ಎದ್ದ ವಾಸನೆಯೇ ಆ ನೈಲಾನಿನ ವಾಸನೆ... ಚೀಲದ ಕಿಸೆಯಿಂದ ಅವರು ಒಂದು ಕಾರ್ಡ್ ತೆಗೆದರು. ಸಾಲು ಸಾಲಾಗಿ ತಪಾಸಣೆಯ ತಾರೀಖು, ಎದುರಿಗೆ ಸಹಿ. ಸುಮಾರು ಅರ್ಧದಷ್ಟು ಸಾಲುಗಳಲ್ಲಿ ದುಂಡನೆಯ ಕನ್ನಡ ಅಕ್ಷರ! ಕಟ್ಟಕಡೆಯ ಸಾಲಿನಲ್ಲೂ. ಇಷ್ಟು ದೂರದ ದೇಶದ ಯುದ್ಧವಿಮಾನದೊಳಗೆ ನಮ್ಮ ಅಕ್ಷರ ಕಾಣುತ್ತೇನೆಂದು ಯಾರು ಎಣಿಸಿರುತ್ತಾರೆ?

ಆಂಟಿ ಕಾರ್ಡನ್ನು ಮುಖ್ಯಸ್ಥರ ಮುಂದಿಟ್ಟರು. ದಾಖಲೆ ಇಲ್ಲ ಎಂದಿರಲ್ಲ, ಇಲ್ಲಿದೆ ಎಂದು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದರು. ಮುಖ್ಯಸ್ಥರು ಕನ್ನಡಕ ಹಾಕಿ ನೋಡಿದರು, ತಲೆದೂಗಿದರು. ಆದರೆ ಫಲಕದ ಕೆಲಸ ಆಗಲೇ ಶುರುವಾಗಿದೆ, ಇನ್ನು ಬದಲಿಸುವುದು ಕಷ್ಟ ಎಂದರು. ಮೇಜಿನ ಮೇಲೆ ಇನ್ನೊಂದು ಪ್ಯಾರಾಚೂಟ್ ಅರ್ಧ ಮಡಿಸಿದಂತೆಯೇ ಹರಡಿಕೊಂಡಿತ್ತು. ಆಂಟಿ ಕೈಚೀಲ ಎತ್ತಿಕೊಂಡರು.

"ನಡೀ ತಂಗಿ."

"ಆಂಟಿ, ಇದು ಅರ್ಧಕ್ಕೇ ನಿಂತಿದೆಯಲ್ಲ?"

"ಅವರ ಬೋರ್ಡೂ ಅರ್ಧಾನೇ ಅದ."

ಮುಂದಿನ ಎರಡು ಶನಿವಾರ ನಾವು ಹೋಗಲಿಲ್ಲ. ಪಾಪಕುರಾದಿಂದ ಬಂದ ಮಗಳು, ಇಟ್ಸ್ ಓನ್ಲಿ ಅ ಬೋರ್ಡ್, ಅಮ್ಮ, ಬಿಟ್ಟುಬಿಡು ಎಂದಳು. ಆಂಟಿ ಬಿಡಲಿಲ್ಲ. ನನಗಂತೂ ಭಯ, ಈ ವಯಸ್ಸಿನಲ್ಲಿ ಇದ್ದೊಂದು ಸಂತೋಷವನ್ನೂ ಹಟಕ್ಕೆ ಕಳೆದುಕೊಳ್ಳುತ್ತಾರಲ್ಲ ಎಂದು.

ಮೂರನೆಯ ವಾರ ಮುಖ್ಯಸ್ಥರೇ ಆಲ್ಬನಿಗೆ ಬಂದರು. ಪ್ರದರ್ಶನ ಹತ್ತಿರ ಬಂದಿತ್ತು, ಆ ಬಟ್ಟೆಯ ರಾಶಿಯನ್ನು ಮಡಿಸಲು ಅವರ ಗುಂಪಿನ ಒಬ್ಬರಿಗೂ ಬಂದಿರಲಿಲ್ಲ. ಆಂಟಿ ಅವರ ಬೂಟು ಬಿಚ್ಚಿಸಿ, ಒಳಗೆ ಕೂರಿಸಿ ಚಹಾ ಕೊಟ್ಟರು. ಅವರು ಎರಡು ಗುಟುಕು ಕುಡಿದು, ನಿಮ್ಮ ಹೆಸರು ಸೇರಿಸೋಣ ಎಂದರು.

ಒಪ್ಪಿಬಿಡುತ್ತಾರೆ ಎಂದುಕೊಂಡೆ. ಆಂಟಿ ಒಪ್ಪಲಿಲ್ಲ. ನನ್ನ ಕೈಗೆ ಪೆನ್ನು ಕೊಟ್ಟು ಬರೆದುಕೋ ಎಂದರು. ಕಣ್ಣು ಮುಚ್ಚಿ, ಆ ಕೋಣೆಯಲ್ಲಿ ತನ್ನೊಡನೆ ದುಡಿದ ಆರು ಹೆಂಗಸರ ಹೆಸರು ಒಂದೊಂದಾಗಿ ಹೇಳಿದರು. ಇಬ್ಬರು ಇಲ್ಲಿನ ಮೂಲನಿವಾಸಿ ಮಾವೊರಿ, ಒಬ್ಬಳು ಸಮೋವಾದವಳು, ಒಬ್ಬಳು ಡಚ್ ಮುದುಕಿ... ಯಾರು ಯಾವ ಮೇಜಿನಲ್ಲಿ ಕೂರುತ್ತಿದ್ದರು ಎಂಬುದನ್ನೂ ಹೇಳಿದರು. ತನ್ನ ಹೆಸರನ್ನು ಏಳನೆಯದಾಗಿ ಬರೆಸಿದರು. ಕಾರ್ಡು ಗಾಜಿನ ಪೆಟ್ಟಿಗೆಯಲ್ಲಿ ಸೀಟಿನ ಪಕ್ಕ ಇರಬೇಕೆಂದರು. ಮುಖ್ಯಸ್ಥರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ನಿಂತರು. ಆಮೇಲೆ ಕೈ ಚಾಚಿದರು. ಆಂಟಿ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಅದರ ಮುಂದಿನ ಶನಿವಾರ ಆಂಟಿ ಪ್ಯಾರಾಚೂಟ್ ಮಡಿಸಿ ಮುಗಿಸಿದರು. ನಾನು ಎಳೆದು ಹಿಡಿದದ್ದು ಸರಿಯಿಲ್ಲವೆಂದು ಮೂರು ಸಲ ಬಿಚ್ಚಿಸಿದರು. ಇದು ಬರೀ ತೋರಿಸಲು ಇಡುವುದಲ್ಲವೇ ಆಂಟಿ, ಯಾರೂ ಹಾರುವುದಿಲ್ಲವಲ್ಲ ಎಂದರೆ, "ನನ್ನ ಕೈಯಾಗಿಂದು ಹೊರಗ ಹೋದ ಮ್ಯಾಲೆ ಅದು ಬಿಚ್ಚಿಕೋಬೇಕು. ಅಷ್ಟೆ" ಎಂದರು.

ಪ್ರದರ್ಶನ ಶುರುವಾದ ದಿನ ಇಳಕಲ್ ಸೀರೆ ಉಟ್ಟು ಬಂದಿದ್ದರು. ಫಲಕದ ಕೆಳಗಡೆ ಬೇರೆ ಬಣ್ಣದ ಹೊಸ ಪಟ್ಟಿಯೊಂದನ್ನು ಜೋಡಿಸಿ ಆ ಏಳು ಹೆಸರು ಕೆತ್ತಿದ್ದರು. ಡಚ್ ಮುದುಕಿಯ ಮಗ ಬಂದಿದ್ದ, ಅಮ್ಮನ ಹೆಸರಿನ ಮೇಲೆ ಬೆರಳಾಡಿಸಿ ಅತ್ತ. ಅಂದು ಜೀವ ಉಳಿದ ಪೈಲಟ್ ಬರಬಹುದೆಂದು ಆಂಟಿ ಆಗಾಗ ಬಾಗಿಲತ್ತ ನೋಡುತ್ತಿದ್ದರು. ಆತ ಬರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ನಾನು ಗೇರು ಬದಲಿಸುವ ರೀತಿಯನ್ನು ಬೈದರು.

ಒಂದೂವರೆ ವರ್ಷದ ಮೇಲೆ ಗಂಡನ ಕೆಲಸದ ದೆಸೆಯಿಂದ ನಾವು ಟೌರಂಗಾಕ್ಕೆ ಬಂದೆವು. ಮರುವರ್ಷದ ಚಳಿಗಾಲದಲ್ಲಿ ಆಂಟಿಯ ಮಗಳು ಫೋನ್ ಮಾಡಿದಳು. ನಿದ್ದೆಯಲ್ಲೇ ಹೋಗಿದ್ದರು. ಆ ಮನೆ ಈಗ ಬೇರೆಯವರದು.

ಹೋದ ತಿಂಗಳು ಆಕ್ಲೆಂಡಿಗೆ ಹೋದವಳು ಮ್ಯೂಸಿಯಂಗೆ ಹೋದೆ. ಹಳೆಯ ಗುಂಪಿನವರು ಒಬ್ಬರೂ ಇರಲಿಲ್ಲ. ಸ್ಕೈಹಾಕ್ ಇತ್ತು, ಫಲಕ ಇತ್ತು, ಗಾಜಿನೊಳಗೆ ಕಾರ್ಡೂ ಇತ್ತು. ಪಕ್ಕದಲ್ಲಿ ಯಾರೋ ಹೊಸದಾಗಿ ಅಂಟಿಸಿದ ವಿವರದ ಚೀಟಿ: ಹಿಂದಿ ಭಾಷೆಯ ಸಹಿ ಎಂದಿತ್ತು. ಓದಿ ನನ್ನ ಕಿವಿ ಬಿಸಿಯಾಯಿತು. ಮುಂಬಾಗಿಲ ಕೌಂಟರಿಗೆ ಹೋಗಿ, ಅದು ಹಿಂದಿಯಲ್ಲ, ಕನ್ನಡ ಎಂದೆ. ಅಲ್ಲಿದ್ದ ಹುಡುಗಿ, ಇಮೇಲ್ ಕಳಿಸಿ, ಸಂಬಂಧಪಟ್ಟವರು ಮುಂದೆ ನೋಡುತ್ತಾರೆ ಎಂದಳು. ನಾನು ಸಾಮಾನ್ಯವಾಗಿ ಥ್ಯಾಂಕ್ಸ್ ಹೇಳಿ ಹೊರಡುವವಳು. ಅವತ್ತು ಕುರ್ಚಿ ಎಳೆದುಕೊಂಡು ಕೂತೆ. ಇವತ್ತೇ ಆಗಲಿ, ಕಾಯುತ್ತೇನೆ ಎಂದೆ. ಆಂಟಿ ಇದ್ದಿದ್ದರೆ ನಾನು ಬಾಯಿ ತೆರೆಯುವ ಮೊದಲೇ ಅವರು ಅಲ್ಲಿ ನಿಂತಿರುತ್ತಿದ್ದರು. ಅವರಿಲ್ಲ.

ಹೊಸ ಚೀಟಿ ಅಚ್ಚಾಗಿ ಬಂದು ಗಾಜಿನ ಪಕ್ಕ ಅಂಟುವಷ್ಟರಲ್ಲಿ ಮ್ಯೂಸಿಯಂ ಮುಚ್ಚುವ ಹೊತ್ತಾಗಿತ್ತು. ಸರಿಯಾಗಿದೆಯಾ ನೋಡಿ ಎಂದಳು ಹುಡುಗಿ. ಒಂದೊಂದೇ ಅಕ್ಷರ ಓದಿದೆ. ಒಂದು ತಪ್ಪಿತ್ತು. ತಿದ್ದಿಸಿ ಇನ್ನೊಮ್ಮೆ ಅಚ್ಚು ತೆಗೆಸಿದೆ.