ಹಿಲ್ಡಾ ಮಾವ್ಶಿಯ ಎಣ್ಣೆಯಲ್ಲಿ ಏನಿದೆ?

ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಪ್ರಯಾಣವೆಂದರೆ ಏನೋ ಒಂದು ಸಡಗರ ಇರಬೇಕು. ವರ್ಷವಿಡೀ ಸ್ನಾನದ ಕೋಣೆಯ ಕಟ್ಟೆಯ ಮೇಲೆ, ತಿರುಗಿಸಲು ಹೋದವರ ಬೆರಳು ಕೆಂಪಾಗುವಷ್ಟು ಬಿಗಿಯಾಗಿ ಕುಳಿತಿರುವ ಅದೇ ಮುಚ್ಚಳ, ಬಟ್ಟೆಗಳ ನಡುವೆ ಮಲಗಿಸಿ ಪೆಟ್ಟಿಗೆಯ ಜಿಪ್ಪು ಎಳೆದದ್ದೇ ತಡ, ತನ್ನಷ್ಟಕ್ಕೆ ತಾನು ಅರ್ಧ ಸುತ್ತು ಸಡಿಲಾಗುತ್ತದೆ. ನೀವೂ ನೋಡಿರಬಹುದು. ನಾನು ನೋಡಿದ್ದಷ್ಟೇ ಅಲ್ಲ, ಲೆಕ್ಕವನ್ನೂ ಇಟ್ಟಿದ್ದೇನೆ. ಹಾಸ್ಟೆಲ್ಲಿಗೆ, ನೆಂಟರ ಮದುವೆಗಳಿಗೆ, ಒಮ್ಮೆ ಗೋವಾಕ್ಕೆ ಎಂದು ಈವರೆಗೆ ನಾನು ಮಾಡಿದ ಹತ್ತೊಂಬತ್ತು ಪ್ರಯಾಣಗಳಲ್ಲಿ ಏಳು ಸಲ ಎಣ್ಣೆ ಸೋರಿದೆ, ಎರಡು ಸಲ ಶಾಂಪೂ, ಮತ್ತು ಒಂದು ಸಲ, ಹೇಗೆಂದು ಇಂದಿಗೂ ತಿಳಿದಿಲ್ಲ, ಪೌಡರು.

ಆದ್ದರಿಂದ ಮಸ್ಕತ್ತಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ ಸುದ್ದಿ ಬಂದಾಗ ಮನೆಯವರೆಲ್ಲ ಮೊದಲು ದೇವರಿಗೆ ಮೊಂಬತ್ತಿ ಹಚ್ಚಿದರೆ ನಾನು ಮೊದಲು ಕಟಪಾಡಿಗೆ ಹೋಗಿ ಅಗಲವಾದ ಟೇಪಿನ ಒಂದು ಸುರುಳಿ ತಂದೆ. ಬಂದವಳು ಹೊಸ ನೋಟುಪುಸ್ತಕದಲ್ಲಿ ಗೆರೆ ಎಳೆದೆ. ನಾಲ್ಕು ಅಂಕಣ: ವಸ್ತು, ಎಷ್ಟು, ಯಾವ ಚೀಲದಲ್ಲಿ, ಒಳಗೆ ಏನಿದೆ. ಕೊನೆಯ ಅಂಕಣ ನನ್ನ ಹುಚ್ಚಿನದ್ದಲ್ಲ. ಹೊಸ ಕೆಲಸದ ಕಡೆಯಿಂದ ಬಂದ ಕಾಗದದಲ್ಲಿ ಔಷಧಿ, ಮಾತ್ರೆ, ಎಣ್ಣೆ ಏನೇ ತಂದರೂ ಕೇಳಿದವರಿಗೆ ಅದರೊಳಗೆ ಏನಿದೆ ಎಂದು ಹೇಳಲು ಬರಬೇಕು ಎಂದಿತ್ತು. ಓದಿ ನನಗೆ ಭಯವಾಗುವ ಬದಲು ಸಂತೋಷವಾಯಿತು. ಏಳನೆಯ ತರಗತಿಯಿಂದ ದಿನಚರಿ ಬರೆಯುತ್ತಿರುವ, ಮಣಿಪಾಲದ ಲ್ಯಾಬೊಂದರಲ್ಲಿ ನಾಲ್ಕು ವರ್ಷ ಟ್ಯೂಬುಗಳಿಗೆ ಹೆಸರು ಮತ್ತು ತಾರೀಕು ಅಂಟಿಸುವುದನ್ನೇ ಧರ್ಮವೆಂದು ನಂಬಿದ ನನ್ನಂಥವಳಿಗೆ, ಕೊನೆಗೂ ಒಂದು ದೇಶ ನನ್ನ ಭಾಷೆಯಲ್ಲಿ ಮಾತಾಡುತ್ತಿದೆ ಎನ್ನಿಸಿತು.

ಈ ಸಂತೋಷ ಹೊರಡಲು ಇಪ್ಪತ್ತಮೂರು ದಿನ ಇದ್ದಾಗಿನದ್ದು. ಹತ್ತೊಂಬತ್ತು ದಿನ ಉಳಿದಿದ್ದಾಗ ಮೊದಲ ಆಘಾತವಾಯಿತು. ಮಾತ್ರೆಗಳ ಹಾಳೆಗಳು ವೃಥಾ ಜಾಗ ತಿನ್ನುತ್ತವೆಂದು ನಾನು ಜ್ವರದ್ದು, ತಲೆನೋವಿನದ್ದು, ಹೊಟ್ಟೆಯದ್ದು ಎಲ್ಲವನ್ನೂ ಹಾಳೆಯಿಂದ ಒಂದೊಂದಾಗಿ ಒತ್ತಿ ತೆಗೆದು, ಒಟ್ಟು ನೂರ ನಲವತ್ತೆಂಟು, ಹೊಸ ಪುಟ್ಟ ಟ್ಯೂಬುಗಳಲ್ಲಿ ತುಂಬಿ, ದುಂಡಗಿನ ಅಕ್ಷರದಲ್ಲಿ ಲೇಬಲ್ ಅಂಟಿಸಿ, ಅವುಗಳ ಸೌಂದರ್ಯವನ್ನು ತೋರಿಸಲೆಂದೇ ಮಣಿಪಾಲದಲ್ಲಿ ನಾನು ಯಾವಾಗಲೂ ಹೋಗುವ ಮೆಡಿಕಲ್ ಶಾಪಿಗೆ ಒಯ್ದಿದ್ದೆ. ಅಂಗಡಿಯವರು ಒಂದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಎಂತ ಮಾಡಿದ್ದೀರಿ ಮಾರಾಯ್ರೆ? ಇದರ ಸ್ಟ್ರಿಪ್ ಎಲ್ಲಿ?"

"ಒಲೆಗೆ ಹಾಕಿದೆ."

"ಡಾಕ್ಟರ ಚೀಟಿ?"

"ಹೆಸರು ನಾನೇ ಬರೆದಿದ್ದೇನಲ್ಲ."

"ನೀವು ಬರೆದದ್ದು ಚಂದ ಉಂಟು. ಆದರೆ ಅಲ್ಲಿನವರಿಗೆ ಇದು ಜ್ವರದ ಮಾತ್ರೆಯೋ ಮತ್ತೊಂದೋ ಎಂದು ಹೇಗೆ ಗೊತ್ತಾಗಬೇಕು? ನಿಮ್ಮ ಅಕ್ಷರ ನೋಡಿಯಾ?"

ನೂರ ನಲವತ್ತೆಂಟು ಮಾತ್ರೆಗಳೂ ಮನೆಯ ಕಪಾಟಿಗೆ ಸೇರಿದವು. ಡಾಕ್ಟರ ಚೀಟಿಯೊಂದಿಗೆ, ಅಖಂಡ ಹಾಳೆಗಳಾಗಿ, ಬೇರೆಯವನ್ನು ಕೊಂಡೆ. ಲೇಬಲ್ ಅಂಟಿಸಿದ ಮಾತ್ರಕ್ಕೆ ವಸ್ತು ಅದೇ ಆಗಿಬಿಡುವುದಿಲ್ಲ ಎಂದು ನನಗೆ ಮೊದಲ ಬಾರಿ ಹೊಳೆದದ್ದು ಆ ದಿನ. ಅದನ್ನು ದಿನಚರಿಯಲ್ಲಿ ಬರೆದುಕೊಂಡು, ಕೆಳಗೆ ಗೆರೆಯನ್ನೂ ಎಳೆದು, ಅಲ್ಲಿಗೆ ಮರೆತುಬಿಟ್ಟೆ.

ಪಟ್ಟಿ ಬೆಳೆಯಿತು. ಶಂಕರಪುರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಮಲ್ಲಿಗೆ ಕಟ್ಟಲು ಕುಳಿತ ಅಮ್ಮ, ಬೆರಳಿನ ಲಯ ತಪ್ಪದಂತೆ, ಪ್ರತಿ ಚೆಂಡು ಹೂವಿಗೆ ಒಂದರಂತೆ ಹೊಸ ವಸ್ತುವನ್ನು ನೆನಪಿಸಿಕೊಳ್ಳುತ್ತಿದ್ದರು. ಸೋಪು ಹನ್ನೆರಡು, ಹಲ್ಲುಜ್ಜುವ ಪೇಸ್ಟು ಆರು, ತೆಂಗಿನೆಣ್ಣೆ ಎರಡು, ಓಮ, ಕಾಳುಜೀರಿಗೆ, ಬಿಸಿನೀರಿನ ರಬ್ಬರ್ ಚೀಲ. "ಅಲ್ಲಿ ಬಿಸಿಯೇ ಅಲ್ವಾ ಅಮ್ಮ?" ಎಂದರೆ "ಹೊರಗೆ ಬಿಸಿ, ಹೊಟ್ಟೆಗೆ ಎಂತ ಗೊತ್ತು?" ಎಂಬ ಉತ್ತರ. ನಲವತ್ತೊಂದು ಸಾಲುಗಳವರೆಗೆ ನಾಲ್ಕೂ ಅಂಕಣಗಳು ತುಂಬಿದವು. ನಲವತ್ತೆರಡನೆಯ ಸಾಲಿನಲ್ಲಿ ಮೂರೇ ತುಂಬಿದವು. ಮಾವ್ಶಿಯ ಎಣ್ಣೆ, ಒಂದು ಬಾಟಲಿ, ದೊಡ್ಡ ಪೆಟ್ಟಿಗೆಯಲ್ಲಿ. ಒಳಗೆ ಏನಿದೆ?

ಮಾವ್ಶಿ ಎಂದರೆ ಅಮ್ಮನ ಅಕ್ಕ. ಹಿಲ್ಡಾ ಎಂಬುದು ಅವರ ನಿಜವಾದ ಹೆಸರಲ್ಲ, ಏಕೆಂದು ನಿಮಗೆ ಮುಂದೆ ಗೊತ್ತಾಗುತ್ತದೆ. ಮದುವೆಯಾಗಲಿಲ್ಲ. ಬಹಳ ವರ್ಷ ಕಾಪುವಿನಲ್ಲಿ ಹೊಲಿಗೆ ಕ್ಲಾಸು ನಡೆಸಿ, ಆಮೇಲೆ ಕಾರ್ಕಳದಲ್ಲಿ ತಮ್ಮನ ಮನೆ ಸೇರಿದವರು. ಆ ಮನೆಯಲ್ಲಿ ಅವರನ್ನು ಯಾರೂ ಕಡೆಗಣಿಸಿದವರಲ್ಲ. ಆದರೆ ತಮ್ಮನ ಮನೆಯಲ್ಲಿ ಉಳಿದ ಅಕ್ಕನನ್ನು ಹುಡುಕಿಕೊಂಡು ಬರುವವರು ಯಾರಿರುತ್ತಾರೆ? ಮಾವ್ಶಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಭಾನುವಾರ ಪೂಜೆ ಮುಗಿದರೆ ಸಾಕು, ಮಂಡಿ ಹಿಡಿದವರು, ಸೊಂಟ ಹಿಡಿದವರು ಅಂಗಳಕ್ಕೆ ಬಂದು "ಹಿಲ್ಡಾಬಾಯಿ ಇದ್ದಾರಾ?" ಎಂದು ಕೇಳುತ್ತಿದ್ದರು. ಮಾವ್ಶಿ ಒಳಗಿನಿಂದ ಕೆಮ್ಮಿನ ಔಷಧಿಯ ಹಳೆಯ ಕಂದು ಬಾಟಲಿಯಲ್ಲಿ ತಮ್ಮ ಎಣ್ಣೆ ತಂದುಕೊಡುತ್ತಿದ್ದರು. ಹಣ ಮುಟ್ಟುತ್ತಿರಲಿಲ್ಲ. ಅವರು ಗುಡ್ಡೆಯಿಂದ ಬೇರು ತಂದು, ಜಜ್ಜಿ, ಕುದಿಸಿ ಮಾಡುವ ಎಣ್ಣೆ ಎಂದು ನಮಗೆಲ್ಲ ಗೊತ್ತಿತ್ತು. ನನ್ನ ದಿನಚರಿಗಳ ಪ್ರಕಾರ ನಾನೇ ಅದನ್ನು ಅರವತ್ತೊಂದು ಸಲ ಹಚ್ಚಿಕೊಂಡಿದ್ದೇನೆ, ಐವತ್ತಮೂರು ಸಲ ಗುಣ ಕಂಡಿದೆ.

ಫೋನು ಮಾಡಿ ಕೇಳಿದೆ. "ಬೇರು, ನಾರು, ಎಲ್ಲ ಉಂಟು ಪುತಾ," ಎಂದರು. ಯಾವ ಬೇರು? "ಮದ್ದಿನ ಹೆಸರು ಹೇಳಬಾರದು. ಹೇಳಿದರೆ ಗುಣ ಹೋಗ್ತದೆ." ಇದು ನಮ್ಮ ಕಡೆಯ ಹಳೆಯ ನಂಬಿಕೆ. ಕಾಮಾಲೆಗೆ ಮದ್ದು ಕೊಡುವವರಾಗಲಿ, ಸರ್ಪಸುತ್ತಿಗೆ ಕೊಡುವವರಾಗಲಿ ಹೆಸರು ಬಾಯಿ ಬಿಡುವುದಿಲ್ಲ, ಕೇಳಿದವರದ್ದೇ ತಪ್ಪು. ನಾನು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆ. ಅದು ನನ್ನ ನಿದ್ದೆ ಕೆಡಿಸಿತು.

ಹನ್ನೊಂದು ದಿನ ಉಳಿದಿದ್ದಾಗ ಅಮ್ಮ ನನ್ನನ್ನು ಕಾಪುವಿಗೆ ಅಟ್ಟಿದರು. ಮಾವ್ಶಿಯ ಹೊಲಿಗೆ ಕ್ಲಾಸಿನ ಶಿಷ್ಯೆ ಜೋಹರಾ ಅಲ್ಲಿದ್ದಾರೆ. ಅವರ ಗಂಡ ಹಮೀದಾಕ ಇಪ್ಪತ್ತಾರು ವರ್ಷ ಮಸ್ಕತ್ತಿನಲ್ಲಿ ಅಂಗಡಿ ನಡೆಸಿ, ಎರಡು ವರ್ಷದ ಹಿಂದೆ ಪೂರ್ತಿಯಾಗಿ ಊರಿಗೆ ಬಂದವರು. ಏನು ಒಯ್ಯಬೇಕು, ಏನು ಬಿಡಬೇಕು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

ಹಮೀದಾಕ ಕನ್ನಡಕ ಏರಿಸಿ ನನ್ನ ಪಟ್ಟಿಯನ್ನು ಓದಿದರು, ಓದುತ್ತ ಓದುತ್ತ ನಗತೊಡಗಿದರು. "ಹನ್ನೆರಡು ಸೋಪು! ನಾನು ಊರಿಗೆ ಬರುವಾಗ ಫಾರಿನ್ ಸೋಪು ಎಂದು ಎಲ್ಲರಿಗೂ ಹಂಚುತ್ತಿದ್ದೆ ಅಲ್ವಾ, ಅದು ಇದೇ ಸೋಪು ಮಾರಾಯ್ತಿ. ಕಾಗದ ಮಾತ್ರ ಬೇರೆ. ಇಲ್ಲಿಂದಲೇ ಅಲ್ಲಿಗೆ ಬರುವುದು." ಇದು ಎರಡನೆಯ ಆಘಾತ. ಬಾಲ್ಯದಲ್ಲಿ ಹಬ್ಬಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುತ್ತಿದ್ದ, ಬಟ್ಟೆಯ ಕಪಾಟಿನಲ್ಲಿ ಸುವಾಸನೆಗೆಂದು ಇಡುತ್ತಿದ್ದ ಆ ಸೋಪು ಎರಡು ಸಲ ಸಮುದ್ರ ದಾಟಿ ನಮ್ಮಲ್ಲಿಗೆ ಬಂದಿತ್ತೆಂದು ನಾನು ಬೆರಗಾಗಿ ಯೋಚಿಸುತ್ತಿರುವಾಗಲೇ ಹಮೀದಾಕ "ಅಲ್ಲಾ, ಈ ಮಂಡಿ" ಎನ್ನುತ್ತ ಪಕ್ಕದ ಕಿಟಕಿಯಿಂದ ಒಂದು ಸಣ್ಣ ಬಾಟಲಿ ತೆಗೆದು, ಒಳಗಿನ ಹಚ್ಚ ಹಸಿರು ಎಣ್ಣೆಯನ್ನು ಅಂಗೈಗೆ ಸುರಿದು ಮಂಡಿಗೆ ತಿಕ್ಕಿಕೊಂಡರು.

ಕೋಣೆಯ ತುಂಬ ಮಾವ್ಶಿಯ ವಾಸನೆ.

ವಾಸನೆಗೆ ಲೇಬಲ್ ಬೇಕಾಗಿಲ್ಲ. ಜ್ವರ ಬಂದ ಮಧ್ಯಾಹ್ನಗಳು, ಪರೀಕ್ಷೆಯ ಹಿಂದಿನ ದಿನದ ತಲೆನೋವುಗಳು, ಓಟದ ಸ್ಪರ್ಧೆಯಲ್ಲಿ ಕಾಲು ಉಳುಕಿ ಕೊನೆಯವಳಾಗಿ ಬಂದದ್ದು, ಎಲ್ಲವೂ ಆ ಕೋಣೆಯಲ್ಲಿ ಬಂದು ನಿಂತವು. "ಇದು ನಮ್ಮ ಮಾವ್ಶಿಯ ಎಣ್ಣೆ," ಎಂದೆ.

"ಎಂತ ಮಾವ್ಶಿಯ ಎಣ್ಣೆ? ಇದು ಮಸ್ಕತ್ತಿನದ್ದು. ಅಲ್ಲಿ ಯಾವ ಅಂಗಡಿಗೆ ಹೋದರೂ ಉಂಟು. ಟೀಚರಿಗೆ ಪ್ರತಿ ಸಲ ಹತ್ತು ಹನ್ನೆರಡು ಬಾಟಲಿ ನಾನೇ ತಂದುಕೊಡ್ತಿದ್ದೆ." ಆಮೇಲೆ ಧ್ವನಿ ತಗ್ಗಿಸಿ, ನಿಜವಾದ ಮರುಕದಿಂದ ಹೇಳಿದರು: "ಪಾಪ, ಟೀಚರಿಗೆ ಎಷ್ಟು ಮಂಡಿನೋವು ಇರಬೇಕು!"

ನಾನು ಕಾಪುವಿನಿಂದ ಬಸ್ಸು ಹತ್ತಿದ್ದು, ಕಟಪಾಡಿಯಲ್ಲಿ ಇಳಿಯಬೇಕಾದವಳು ಉಡುಪಿಯವರೆಗೆ ಹೋಗಿದ್ದು, ಮತ್ತೆ ಹಿಂದಕ್ಕೆ ಬಂದದ್ದು, ಇವೆಲ್ಲ ದಿನಚರಿಯಲ್ಲಿ ಇಲ್ಲ. ಆ ದಿನದ ಪುಟದಲ್ಲಿ ಒಂದೇ ವಾಕ್ಯವಿದೆ: ಅರವತ್ತೊಂದು ಸಲ. ನಾನು ದಿಗ್ಭ್ರಾಂತಳಾಗಿದ್ದೆ, ಮತ್ತು ಹೇಳಲು ನಾಚಿಕೆಯಾಗುತ್ತದೆ, ಸ್ವಲ್ಪ ಹುರುಪೂ ಇತ್ತು. ನಲವತ್ತೆರಡನೆಯ ಸಾಲಿನ ಉತ್ತರ ಸಿಕ್ಕಿತ್ತಲ್ಲ! ಯಾರೂ ಬಿಡಿಸದ ಗುಟ್ಟನ್ನು ಬಿಡಿಸಿದ ಜಂಬದಲ್ಲೇ ಬೀಳ್ಕೊಳ್ಳುವ ನೆಪ ಮಾಡಿಕೊಂಡು ಎಂಟು ದಿನ ಉಳಿದಿದ್ದಾಗ, ಒಂದು ಭಾನುವಾರ, ನೋಟುಪುಸ್ತಕದೊಂದಿಗೆ ಕಾರ್ಕಳಕ್ಕೆ ಹೋದೆ.

ಮಾಮಿ, ಅಂದರೆ ಮಾವ್ಶಿಯ ತಮ್ಮನ ಹೆಂಡತಿ, ಚಹಾ ತಂದಿಟ್ಟರು. ಜಗಲಿಯಲ್ಲಿ ಆಗಲೇ ಒಬ್ಬರು ಹಿರಿಯ ಹೆಂಗಸು ಮಂಡಿ ನೀವಿಕೊಳ್ಳುತ್ತ ಕುಳಿತಿದ್ದರು. ಮಾವ್ಶಿ ಅವರಿಗೆ ಹೇಳುತ್ತಿದ್ದರು: "ಎಣ್ಣೆ ಇನ್ನೂ ಆಗಲಿಲ್ಲ. ಬೇರು ಸಿಗುವುದೇ ಕಷ್ಟ ಈಗ."

"ಕಳೆದ ತಿಂಗಳೂ ಹಾಗೇ ಹೇಳಿದ್ರಿ ಬಾಯಿ."

ಮಾಮಿಗೆ ನನ್ನ ಪುಸ್ತಕ ಕಂಡಿತು. ಅಮ್ಮನ ಮೂಲಕ ಅದರ ಖ್ಯಾತಿ ಅಲ್ಲಿಗೂ ಹಬ್ಬಿತ್ತು. "ಓ, ಇದರಲ್ಲಿ ಎಲ್ಲ ಸಾಮಾನಿನ ಒಳಗೆ ಎಂತ ಉಂಟೆಂದು ಬರೀಲಿಕ್ಕುಂಟಂತೆ. ಹೇಳಿ ಈಗ ಹಿಲ್ಡಾಬಾಯಿ, ನಿಮ್ಮ ಎಣ್ಣೆಗೆ ಎಂತೆಂತ ಹಾಕ್ತೀರಿ? ಇಪ್ಪತ್ತು ವರ್ಷ ಕೇಳಿ ನನಗೆ ಸಾಕಾಗಿದೆ. ವಿಮಾನದವರಿಗಾದರೂ ಹೇಳ್ತೀರಾ ನೋಡುವ. ಗುಡ್ಡೆಗೆ ಹೋದದ್ದನ್ನಂತೂ ನಾನು ಕಾಣಲಿಲ್ಲ."

ಕೊನೆಯ ಮಾತು ತಮಾಷೆಯದ್ದು. ಆದರೆ ಮಾವ್ಶಿಯ ಕೈ ಸೆರಗಿನ ತುದಿಗೆ ಹೋಯಿತು. ಅವರು ಮಾಮಿಯನ್ನು ನೋಡಲಿಲ್ಲ, ಮಂಡಿನೋವಿನವರನ್ನೂ ನೋಡಲಿಲ್ಲ. ನನ್ನ ಪುಸ್ತಕವನ್ನು ನೋಡಿದರು. ನಾನು ಕಾಪುವಿಗೆ ಹೋಗಿದ್ದು ಅಮ್ಮನಿಂದ ಅವರಿಗೆ ತಿಳಿದಿರಲೇಬೇಕು. ಬಸ್ಸಿನುದ್ದಕ್ಕೂ ನಾನು ಜೋಡಿಸಿಟ್ಟಿದ್ದ ಜಾಣ ಮಾತುಗಳೆಲ್ಲ ಬೇಡವಾದವು. ಈ ಜಗಲಿಗೆ ಜನ ಬಂದು ಕೇಳುವ ಹೆಸರು ಮಾವ್ಶಿಯದ್ದೊಂದೇ, ನಾನು ಬಾಯಿ ತೆರೆದರೆ ಮುಂದಿನ ಭಾನುವಾರದಿಂದ ಅದೂ ಇಲ್ಲ.

ಪುಸ್ತಕ ತೆರೆದು, ನಲವತ್ತೆರಡನೆಯ ಸಾಲಿನ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಅಂಗೈ ಇಟ್ಟು ಮುಚ್ಚಿದೆ. "ಅದನ್ನು ಆಗಲೇ ಬರೆದಾಗಿದೆ ಮಾಮಿ. ಮಾವ್ಶಿ ನನಗೆ ಫೋನಿನಲ್ಲಿ ಹೇಳಿದ್ದಾರೆ. ಯಾರಿಗೂ ತೋರಿಸಬಾರದಂತೆ."

"ಹೋ! ನಿನಗೆ ಹೇಳಿದರಾ?" ಮಾಮಿ ಸೊಂಟಕ್ಕೆ ಕೈಯಿಟ್ಟರು. "ಇಷ್ಟು ವರ್ಷ ಅನ್ನ ಬಡಿಸಿದ ನನಗಿಲ್ಲ!"

ಮಂಡಿನೋವಿನವರೇ ನನ್ನ ಸಹಾಯಕ್ಕೆ ಬಂದರು. "ನೀವು ಕೇಳಲೇಬಾರದು ಮಾರಾಯ್ರೆ, ಗುಣ ಹೋಗ್ತದೆ. ನಮಗೆ ಎಣ್ಣೆ ಬೇಕಾ, ಹೆಸರು ಬೇಕಾ?"

ಹದಿನಾಲ್ಕು ವರ್ಷ ತಪ್ಪು ನಮೂದು ಮಾಡದ ನನ್ನ ಲೆಕ್ಕಕ್ಕೆ ಅದು ಮೊದಲ ಸುಳ್ಳು. ಅಷ್ಟು ಸುಲಭವಾಗಿ ಬಂತೆಂಬುದು ನನ್ನ ಮೂರನೆಯ ಆಘಾತ, ಮತ್ತು ಎಲ್ಲಕ್ಕಿಂತ ದೊಡ್ಡದು.

ಚಹಾ ಮುಗಿದ ಮೇಲೆ ಮಾವ್ಶಿ ನನ್ನನ್ನು ತಮ್ಮ ಕೋಣೆಗೆ ಕರೆದರು. ಹೊಲಿಗೆ ಯಂತ್ರದ ಮುಚ್ಚಳ ಎತ್ತುತ್ತ, ನನಗೆ ಬೆನ್ನು ಹಾಕಿಕೊಂಡೇ ಮಾತಾಡಿದರು. "ಮೊದಲು ನಾನೇ ಮಾಡ್ತಿದ್ದೆ. ನಿಜ. ಬೇರು ಕುದಿಸಿ. ಯಾರಿಗೂ ಗುಣ ಆಗಲಿಲ್ಲ. ಒಮ್ಮೆ ಹಮೀದನ ಎಣ್ಣೆ ಒಂದು ಚಮಚ ಹಾಕಿದೆ. 'ಈ ಸಲದ್ದು ಚೆನ್ನಾಗಿದೆ ಬಾಯಿ' ಎಂದರು. ಮತ್ತಿನ ಸಲ ಎರಡು ಚಮಚ." ಮುಚ್ಚಳವನ್ನು ಗೋಡೆಗೆ ಒರಗಿಸಿದರು. "ಕೊನೆಗೆ ಬೇರು ಹಾಕುವುದೇ ದಂಡ ಅನ್ನಿಸಿತು."

ನನಗೆ ನಗು ಬಂತು. ಅವರಿಗೂ ಬಂತು. ಇಬ್ಬರೂ ಮಾಮಿಗೆ ಕೇಳಿಸದಂತೆ ನಕ್ಕೆವು.

ಆಮೇಲೆ ಅವರು ಯಂತ್ರದ ಪೆಟ್ಟಿಗೆಯೊಳಗಿನಿಂದ ತೊಳೆದು ಒಣಗಿಸಿದ ಕಂದು ಬಾಟಲಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. ವಿದೇಶಕ್ಕೆ ಹೊರಟವಳೆಂದು ಶಂಕರಪುರದಿಂದ ಕಾರ್ಕಳದವರೆಗೆ ಎಲ್ಲರೂ ನನಗೆ ತುಂಬಿದ ಬಾಟಲಿಗಳನ್ನೇ ಕೊಟ್ಟಿದ್ದರು. ಖಾಲಿ ಕೊಟ್ಟವರು ಮಾವ್ಶಿ ಒಬ್ಬರೇ. "ಅಲ್ಲಿಂದ ಊರಿಗೆ ಬರುವವರು ಯಾರಾದರೂ ಸಿಕ್ಕಿದರೆ ಇದರಲ್ಲಿ ತುಂಬಿಸಿ ಕಳಿಸು ಪುತಾ. ಆ ಹಸಿರು ಬಾಟಲಿಯಲ್ಲಿ ಬೇಡ. ಮಾಮಿಯ ಕಣ್ಣು ಚುರುಕು."

ಇವತ್ತು ಹೊರಡಲು ಎರಡು ದಿನ ಉಳಿದಿವೆ. (ಮಾಮಿ ಓದುವುದು ಕೊಂಕಣಿ ವಾರಪತ್ರಿಕೆ ಮಾತ್ರ ಎಂಬ ಧೈರ್ಯದಿಂದ, ಹೆಸರುಗಳನ್ನೂ ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.) ಸೋಪು ಹನ್ನೆರಡರಿಂದ ಎರಡಕ್ಕೆ ಇಳಿದಿದೆ. ನಲವತ್ತೆರಡನೆಯ ಸಾಲನ್ನು ಅಳಿಸಿ ಹೊಸದಾಗಿ ಬರೆದಿದ್ದೇನೆ: ಬಾಟಲಿ, ಕಂದು. ಒಂದು. ದೊಡ್ಡ ಪೆಟ್ಟಿಗೆ. ಒಳಗೆ ಏನಿದೆ ಎಂಬಲ್ಲಿ ಪೆನ್ನು ಒಂದಿಷ್ಟು ಹೊತ್ತು ನಿಂತು, ಕೊನೆಗೆ ಸತ್ಯವನ್ನೇ ಬರೆಯಿತು: ಏನೂ ಇಲ್ಲ.

ಬೆಳಿಗ್ಗೆ ನಾನು ಎಲ್ಲ ಮುಚ್ಚಳಗಳಿಗೆ ಟೇಪು ಸುತ್ತುತ್ತಿದ್ದಾಗ ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ನೋಡಿದರು.

"ಖಾಲಿ ಬಾಟಲಿಗೂ ಎಂತಕ್ಕೆ ಟೇಪು ಮಾರಾಯ್ತಿ?"

"ಸೋರಬಾರದಲ್ಲ ಅಮ್ಮ," ಎಂದೆ, ಮತ್ತು ಇನ್ನೊಂದು ಸುತ್ತು ಹಾಕಿದೆ.